ಉಳಿಸಿದ ನೀರು, ಕಾದ ಎಣ್ಣೆ: ಪೀಣ್ಯದ ಒಂದು ಶೆಡ್ಡಿನ ಪ್ರಕರಣ

2024ರ ಏಪ್ರಿಲ್ ಎರಡನೇ ವಾರ. ಮಧ್ಯಾಹ್ನ ಮೂರರ ಹೊತ್ತಿಗೆ ನಾಲ್ಕನೇ ನಂಬರ್ ಮೆಷಿನ್ ತಾನಾಗಿಯೇ ನಿಂತಿತು. ಪರದೆಯ ಮೇಲೆ ಕೆಂಪು ಅಕ್ಷರ: ಆಯಿಲ್ ಟೆಂಪರೇಚರ್ ಹೈ, 61 ಡಿಗ್ರಿ. ಆಪರೇಟರ್ ಅಲಾರಂ ಆರಿಸಿದ, ಕಾಲು ಗಂಟೆ ಬಿಟ್ಟ, ಮತ್ತೆ ಶುರು ಮಾಡಿದ. ಮಾರನೇ ದಿನವೂ ಅದೇ. ಮೂರನೇ ದಿನ ಓನರ್ ಕರೆದು "ಏನ್ರೀ ಇದು, ಮೆಷಿನ್‌ಗೂ ಮಧ್ಯಾಹ್ನದ ನಿದ್ದೆ ಬೇಕಾ?" ಅಂದಾಗಲೇ ನನಗೆ ವಿಷಯ ಗೊತ್ತಾಗಿದ್ದು.

ಬೆಂಗಳೂರಿನ ಕೈಗಾರಿಕಾ ಪ್ರದೇಶ ಪೀಣ್ಯದ ಒಂದು ಪ್ಲಾಸ್ಟಿಕ್ ಮೋಲ್ಡಿಂಗ್ ಶೆಡ್‌ನಲ್ಲಿ ಮೇಂಟೆನೆನ್ಸ್ ನೋಡಿಕೊಳ್ಳುವವನು ನಾನು. ನಾಲ್ಕು ಹೈಡ್ರಾಲಿಕ್ ಇಂಜೆಕ್ಷನ್ ಮೆಷಿನ್‌ಗಳಿವೆ, ಅಂದರೆ ಎಣ್ಣೆಯ ಒತ್ತಡದಿಂದ ಕರಗಿದ ಪ್ಲಾಸ್ಟಿಕ್ಕನ್ನು ಮೋಲ್ಡ್ ಅನ್ನುವ ಅಚ್ಚಿಗೆ ತಳ್ಳುವಂಥವು, 24 ಗಂಟೆ ಓಡುತ್ತವೆ. ಮೋಲ್ಡ್ ತಣಿಸಲು ಬೇರೆ ಚಿಲ್ಲರ್ ಇದೆ, ಅದರ ನೀರು ಅದರೊಳಗೇ ಸುತ್ತುತ್ತದೆ, ಅದರ ತಂಟೆ ಇಲ್ಲಿಲ್ಲ. ಮೆಷಿನ್‌ಗಳ ಎಣ್ಣೆ ತಣಿಸಲು ಮಾತ್ರ ಶೆಡ್ಡಿನ ಹಿಂದೆ ಒಂದು ಫೈಬರ್ ಕೂಲಿಂಗ್ ಟವರ್. ಪ್ರತಿ ಮೆಷಿನ್‌ನ ಹಿಂಬದಿಗೆ ಒಂದು ಆಯಿಲ್ ಕೂಲರ್. ಕೂಲರ್ ಅಂದರೆ ಒಂದು ಉದ್ದನೆ ಕೊಳವೆಯೊಳಗೆ ಹತ್ತಾರು ಸಣ್ಣ ತಾಮ್ರದ ಟ್ಯೂಬುಗಳು. ಟ್ಯೂಬಿನೊಳಗೆ ಟವರ್ ನೀರು, ಹೊರಗೆ ಎಣ್ಣೆ. ಎಣ್ಣೆಯ ಬಿಸಿ ತಾಮ್ರ ದಾಟಿ ನೀರಿಗೆ, ನೀರಿನ ಬಿಸಿ ಟವರ್‌ನಲ್ಲಿ ಗಾಳಿಗೆ. ಇಷ್ಟೇ ಕೆಲಸ.

ಎಣ್ಣೆ 40ರಿಂದ 50 ಡಿಗ್ರಿ ಒಳಗಿದ್ದರೆ ಮೆಷಿನ್ ಆರಾಮಾಗಿರುತ್ತದೆ. ನಾವು ಹಾಕುವುದು 46ನೇ ಗ್ರೇಡ್. ಆ 46 ಅನ್ನುವುದು 40 ಡಿಗ್ರಿಯಲ್ಲಿ ಅದರ ಮಂದತನದ ಅಳತೆ. 60 ಡಿಗ್ರಿಗೆ ಬಂದರೆ ಅದು ಅರ್ಧಕ್ಕಿಂತ ಕಡಿಮೆ ಆಗುತ್ತದೆ. ತೆಳುವಾದ ಎಣ್ಣೆ ಪಂಪಿನ ಸಂದುಗಳಲ್ಲಿ ಒಳಗೊಳಗೇ ನುಸುಳುತ್ತದೆ. ನುಸುಳಿದಷ್ಟೂ ಬಿಸಿ ಜಾಸ್ತಿ, ಬಿಸಿಯಾದಷ್ಟೂ ನುಸುಳುವುದು ಜಾಸ್ತಿ. ಸೀಲುಗಳು ಗಟ್ಟಿಯಾಗಿ ಬಿರುಕು ಬಿಡುತ್ತವೆ. 10 ಡಿಗ್ರಿ ಏರಿದರೆ ಎಣ್ಣೆಯ ಆಯಸ್ಸು ಹೆಚ್ಚುಕಮ್ಮಿ ಅರ್ಧ ಅನ್ನುವುದು ನಮ್ಮ ಕಡೆಯ ಹಳೇ ಲೆಕ್ಕ.

ನಾವು ಮಾಡಿದ ಮೂರು ತಪ್ಪು

ಮೊದಲನೆಯದು, ಎಣ್ಣೆ ಬದಲಿಸಿದ್ದು. ಟ್ಯಾಂಕಿಗೆ 400 ಲೀಟರ್ ಹಿಡಿಯುತ್ತದೆ. ಎರಡು ಬ್ಯಾರೆಲ್ ಹೊಸ ಎಣ್ಣೆ ಸುರಿದೆವು. ಹಳೇ ಎಣ್ಣೆ ಕಪ್ಪಾಗಿತ್ತು, ಹಾಗಾಗಿ ತಪ್ಪಿತಸ್ಥ ಸಿಕ್ಕಿಬಿಟ್ಟ ಅಂದುಕೊಂಡೆವು. ಅದು ಕಪ್ಪಾಗಿದ್ದು ಬಿಸಿಯಿಂದ. ಹೊಸ ಎಣ್ಣೆಯೂ ಸಂಜೆಯೊಳಗೆ 60 ದಾಟಿತು.

ಎರಡನೆಯದು ಪೂರ್ತಿ ನನ್ನದೇ. ಲೇಸರ್ ಗನ್ನಿನ ಥರ್ಮಾಮೀಟರ್ ತಂದು ಎಣ್ಣೆಯ ಪೈಪಿಗೆ ಹಿಡಿದೆ. 38 ತೋರಿಸಿತು. ಪರದೆ 60 ಅನ್ನುತ್ತಿದೆ, ಗನ್ 38 ಅನ್ನುತ್ತಿದೆ. ಹಾಗಾದರೆ ಸೆನ್ಸರ್ ಕೆಟ್ಟಿದೆ ಅಂತ ಓನರ್‌ಗೆ ಗಟ್ಟಿಯಾಗಿ ಹೇಳಿದೆ. ಹೊಸ ಸೆನ್ಸರ್ ಬಂತು, ಹಾಕಿದೆವು. ಅದೂ 60 ಅಂದಿತು. ನಮ್ಮ ಫಿಟ್ಟರ್ ಮಾತಾಡದೆ ಪೈಪಿನ ಮೇಲೆ ಅಂಗೈ ಇಟ್ಟು, ತಕ್ಷಣ ಕಿತ್ತುಕೊಂಡ. 38 ಡಿಗ್ರಿಗೆ ಯಾರೂ ಹಾಗೆ ಕೈ ಕೀಳುವುದಿಲ್ಲ, ಅಲ್ವಾ? ಹೊಳೆಯುವ ಲೋಹ ಆ ಗನ್ನಿಗೆ ಸುಳ್ಳು ಹೇಳುತ್ತದೆ. ತನ್ನ ಬಿಸಿಯನ್ನು ಕಮ್ಮಿ ತೋರಿಸಿ, ಸುತ್ತಲಿನ ಗೋಡೆಯ ಬಿಸಿಯನ್ನು ಕನ್ನಡಿಯ ಹಾಗೆ ತಿರುಗಿಸಿ ಕೊಡುತ್ತದೆ. ಎಲೆಕ್ಟ್ರಿಷಿಯನ್ ಬಳಸುವ ಕಪ್ಪು ಟೇಪನ್ನು ಪೈಪಿಗೆ ಒಂದು ಸುತ್ತು ಸುತ್ತಿ, ಎರಡು ನಿಮಿಷ ಬಿಟ್ಟು, ಟೇಪಿನ ಮೇಲೆ ಗನ್ ಹಿಡಿದರೆ 59. ಈಗ ನಮ್ಮಲ್ಲಿ ಅಳೆಯುವ ಪ್ರತಿ ಜಾಗದಲ್ಲೂ ಟೇಪ್ ಸುತ್ತಿಟ್ಟಿದ್ದೇವೆ.

ಮೂರನೆಯದು ಐಸ್. ಯಾರದೋ ಸಲಹೆ, ಯಾರದು ಅಂತ ಆಮೇಲೆ ಯಾರೂ ಒಪ್ಪಲಿಲ್ಲ. 50 ಕಿಲೋ ಐಸ್ ಗಡ್ಡೆ ತಂದು ಟವರ್ ತೊಟ್ಟಿಗೆ ಹಾಕಿದೆವು. ಐದು ನಿಮಿಷ ಎಲ್ಲರಿಗೂ ಖುಷಿ. ಲೆಕ್ಕ ನಾನು ಆಮೇಲೆ ಹಾಕಿದೆ. ನಮ್ಮ ಟವರ್‌ನಲ್ಲಿ ಗಂಟೆಗೆ ಸುಮಾರು 15,000 ಲೀಟರ್ ನೀರು ಸುತ್ತುತ್ತದೆ. ಅದು 4 ಡಿಗ್ರಿ ತಣಿದರೆ ಹೊರಹೋಗುವ ಬಿಸಿ ಹತ್ತಿರ ಹತ್ತಿರ 70 ಕಿಲೋವ್ಯಾಟ್. ಒಂದು ಕಿಲೋ ಐಸ್ ಕರಗುವಾಗ ಎಳೆದುಕೊಳ್ಳುವುದು 334 ಕಿಲೋಜೂಲ್. 50 ಕಿಲೋ ಅಂದರೆ ನಾಲ್ಕು ನಿಮಿಷದ ಬಾಬತ್ತು. ದಿನಪೂರ್ತಿ ಐಸ್ ಹಾಕಬೇಕಾದರೆ ಐಸ್ ಫ್ಯಾಕ್ಟರಿಯನ್ನೇ ಪಕ್ಕದ ಶೆಡ್ಡಿಗೆ ತರಬೇಕು.

ಇಷ್ಟರಲ್ಲಿ ಇನ್ನೊಂದು ಸಂಗತಿ ಪ್ರೊಡಕ್ಷನ್ ಪುಸ್ತಕದಲ್ಲಿ ಕಣ್ಣಿಗೆ ಬಿತ್ತು. ನಾಲ್ಕನೇ ಮೆಷಿನ್‌ನ ಸೈಕಲ್, ಅಂದರೆ ಒಂದು ಶಾಟ್ (ಒಂದು ಸಲದ ಅಚ್ಚು) ಮುಗಿಯುವ ಹೊತ್ತು, 32 ಸೆಕೆಂಡ್ ಇದ್ದದ್ದು 38 ಆಗಿತ್ತು. ಅದೂ ಮಾರ್ಚ್ ಕೊನೆಯಿಂದಲೇ. ಆಪರೇಟರ್‌ನನ್ನು ಕೇಳಿದರೆ, ಎರಡು ಶಾಟ್ ನಡುವೆ 6 ಸೆಕೆಂಡ್ ಸುಮ್ನೆ ನಿಲ್ಲುವ ಹಾಗೆ ಟೈಮರ್ ಕೊಟ್ಟಿದ್ದೇನೆ ಅಂದ. ಹಾಗೆ ಮಾಡಿದರೆ ಎಣ್ಣೆ ಸ್ವಲ್ಪ ತಡವಾಗಿ ಬಿಸಿಯಾಗುತ್ತದೆ ಅಂತ ಅವನೇ ಕಂಡುಕೊಂಡಿದ್ದ. ಜಾಣ. ಆದರೆ ಯಾರಿಗೂ ಹೇಳಿರಲಿಲ್ಲ. ಗಂಟೆಗೆ 112 ಶಾಟ್ ಬರುತ್ತಿದ್ದದ್ದು 94ಕ್ಕೆ ಇಳಿದಿತ್ತು, ದಿನಕ್ಕೆ 400ಕ್ಕೂ ಜಾಸ್ತಿ ಶಾಟ್ ಖೋತಾ. ಅಲಾರಂ ಬಂದದ್ದು ಏಪ್ರಿಲ್‌ನಲ್ಲಿ, ಕಾಯಿಲೆ ಶುರುವಾಗಿದ್ದು ಅದಕ್ಕೂ ಮೊದಲು.

ಅಳತೆ ಹಿಡಿದು ಹೊರಟಾಗ

ಎಣ್ಣೆ ಕಾಯುತ್ತಿದ್ದರೆ ಮೂರು ಜಾಗದಲ್ಲಿ ಕಳ್ಳ ಇರಬಹುದು. ಟವರ್ ನೀರೇ ತಣಿಯುತ್ತಿಲ್ಲ. ಅಥವಾ ತಣಿದ ನೀರು ಸಾಕಷ್ಟು ಬರುತ್ತಿಲ್ಲ. ಅಥವಾ ನೀರು ಬರುತ್ತಿದೆ, ಆದರೆ ಎಣ್ಣೆಯ ಬಿಸಿ ಅದಕ್ಕೆ ದಾಟುತ್ತಿಲ್ಲ. ಮೂರಕ್ಕೂ ಮೂರು ಬೇರೆ ಬೇರೆ ಅಳತೆ.

ಟವರ್ ಮೊದಲು. ಅದು ಕೆಲಸ ಮಾಡುವುದು ಮಣ್ಣಿನ ಮಡಕೆಯ ಹಾಗೆ. ಸ್ವಲ್ಪ ನೀರು ಆವಿಯಾಗಿ ಹೋಗುತ್ತದೆ, ಹೋಗುವಾಗ ಉಳಿದ ನೀರಿನ ಬಿಸಿ ಹೊತ್ತುಕೊಂಡು ಹೋಗುತ್ತದೆ. ಹಾಗಾಗಿ ಗಾಳಿ ಎಷ್ಟು ಬಿಸಿ ಅನ್ನುವುದಕ್ಕಿಂತ ಎಷ್ಟು ಒಣಗಿದೆ ಅನ್ನುವುದು ಮುಖ್ಯ. ಥರ್ಮಾಮೀಟರ್ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ ಗಾಳಿಯಲ್ಲಿ ಬೀಸಿದೆವು. ಹೊರಗೆ 37 ಡಿಗ್ರಿ ಬಿಸಿಲು, ಒದ್ದೆ ಬಟ್ಟೆಯಲ್ಲಿ 21. ಟವರ್ ಎಷ್ಟೇ ಚೆನ್ನಾಗಿದ್ದರೂ ಈ 21ಕ್ಕಿಂತ ಕೆಳಗೆ ಹೋಗಲಾರದು. ಅದಕ್ಕಿಂತ ನಾಲ್ಕೈದು ಡಿಗ್ರಿ ಮೇಲಿದ್ದರೆ ಆರೋಗ್ಯವಾಗಿದೆ ಅಂತ ಅರ್ಥ. ನಮ್ಮದು 27 ಕೊಡುತ್ತಿತ್ತು. ಪೂರ್ತಿ ಸಾಚಾ ಅಲ್ಲ, ಮೇಲೆ ತಿರುಗುವ ಸ್ಪ್ರಿಂಕ್ಲರ್‌ನ ಕೆಲವು ತೂತುಗಳು ಕಟ್ಟಿಕೊಂಡಿದ್ದವು. ಆದರೂ 27 ಡಿಗ್ರಿ ನೀರಿಗೆ 60 ಡಿಗ್ರಿ ಎಣ್ಣೆ ಬರಬಾರದು. ಒಂದು ಮಾತು: ಬೆಂಗಳೂರಿನ ಬೇಸಿಗೆಯ ಒಣ ಗಾಳಿ ಟವರ್‌ಗೆ ವರ. ಮಂಗಳೂರಿನಲ್ಲಿ ಇದೇ ಟವರ್‌ನಿಂದ 27 ಪಡೆಯುವುದು ಕಷ್ಟ. ಹಾಗಾಗಿ "ಬಿಸಿಲು ಜಾಸ್ತಿ ಸರ್, ಅದಕ್ಕೇ" ಅನ್ನುವ ಮಾತನ್ನು ನಾನು ಅಲ್ಲಿಗೇ ಕೈಬಿಟ್ಟೆ.

ಎರಡನೆಯದಕ್ಕೆ ಬಕೆಟ್ ಮತ್ತು ಮೊಬೈಲಿನ ಸ್ಟಾಪ್‌ವಾಚ್ ಸಾಕು. ಕೂಲರ್‌ನಿಂದ ಹೊರಬರುವ ಹೋಸನ್ನು ಬಿಚ್ಚಿ 20 ಲೀಟರ್ ಬಕೆಟ್‌ಗೆ ಹಿಡಿದೆವು. ಬೇರೆ ಮೆಷಿನ್‌ಗಳಲ್ಲಿ ಸುಮಾರು 19 ಸೆಕೆಂಡ್, ನಾಲ್ಕನೆಯದರಲ್ಲಿ 24. ಕಮ್ಮಿ, ಆದರೆ ಈ ಮಟ್ಟದ ಬಿಸಿಗೆ ಕಾರಣವಾಗುವಷ್ಟಲ್ಲ. ಒಳಗೆ ಹೋಗುವ ನೀರು 27, ಹೊರಬರುವುದು 31. ನೀರು ಕಮ್ಮಿ ಇದ್ದಿದ್ದರೆ ಆ ಕಮ್ಮಿ ನೀರೇ ಎಲ್ಲ ಬಿಸಿಯನ್ನೂ ಹೊತ್ತು 36, 37ಕ್ಕೆ ಹೊರಬರುತ್ತಿತ್ತು.

ಉಳಿದದ್ದು ಮೂರನೆಯದು. ಎಣ್ಣೆಗೂ ಒಳಬರುವ ನೀರಿಗೂ ಅಂತರ 33 ಡಿಗ್ರಿ. ಇದು ಜಾಸ್ತಿಯೋ ಕಮ್ಮಿಯೋ? ಹೋಲಿಸಲು ಚೆನ್ನಾಗಿದ್ದಾಗಿನ ಅಂಕಿ ಬೇಕಲ್ಲ. ನಮ್ಮ ಮೇಂಟೆನೆನ್ಸ್ ಪುಸ್ತಕ ತೆಗೆದೆ. ಎರಡು ವರ್ಷದ ಪುಟಗಳು, ಪ್ರತಿ ದಿನ "ಕೂಲಿಂಗ್ ಟವರ್ ನೋಡಲಾಯಿತು" ಎಂಬ ಸಾಲಿನ ಮುಂದೆ ಒಂದು ಟಿಕ್. ಕೆಂಪು ಪೆನ್ನಿನ ಟಿಕ್, ನೀಲಿ ಪೆನ್ನಿನ ಟಿಕ್, ಅರ್ಧಕ್ಕೂ ಜಾಸ್ತಿ ನನ್ನ ಸಹಿ. ಒಂದೇ ಒಂದು ಅಂಕಿ ಇಲ್ಲ. ಕೊನೆಗೆ ಹಿಂದಿನ ವರ್ಷ ಬಂದಿದ್ದ ಸರ್ವೀಸ್ ಎಂಜಿನಿಯರ್ ಬಿಟ್ಟುಹೋದ ರಿಪೋರ್ಟಿನ ಮೂಲೆಯಲ್ಲಿ ಸಿಕ್ಕಿತು: ಎಣ್ಣೆ 45, ನೀರು 27. ಅಂತರ 18.

18 ಇದ್ದದ್ದು 33. ಬಿಸಿ ಅಷ್ಟೇ, ನೀರು ಹೆಚ್ಚುಕಮ್ಮಿ ಅಷ್ಟೇ. ಹಾಗಾದರೆ ನಡುವಿನ ಗೋಡೆ ದಪ್ಪವಾಗಿದೆ.

ಟ್ಯೂಬಿನೊಳಗಿನ ಸುಣ್ಣ

ಕೂಲರ್ ಮುಚ್ಚಳ ಬಿಚ್ಚಿದಾಗ ಬಚ್ಚಲುಮನೆಯ ಹಂಡೆ ನೆನಪಾಯಿತು. ತಳದಲ್ಲಿ ಬೆಳ್ಳಗೆ ಕಟ್ಟಿರುತ್ತದಲ್ಲ, ಅದೇ. ಬೆರಳು ತೂರುವಂತಿದ್ದ ಟ್ಯೂಬುಗಳು ಪೆನ್ಸಿಲ್ ತೂರುವಷ್ಟಕ್ಕೆ ಇಳಿದಿದ್ದವು. ತಾಮ್ರ ಬಿಸಿಯನ್ನು ದಾಟಿಸುವ ಶಕ್ತಿಯನ್ನು 390 ಅಂತ ಇಟ್ಟುಕೊಂಡರೆ ಈ ಸುಣ್ಣದ ಪದರದ್ದು 2ರ ಆಸುಪಾಸು. ಒಂದು ಮಿಲಿಮೀಟರ್ ಸುಣ್ಣ ಕಟ್ಟಿದರೆ ಗೇಣುದ್ದಕ್ಕೂ ಹತ್ತಿರದ ದಪ್ಪದ ತಾಮ್ರದ ಗೋಡೆ ಅಡ್ಡ ನಿಂತ ಹಾಗೆ.

ಸುಣ್ಣಕ್ಕೆ ಒಂದು ಕೆಟ್ಟ ಗುಣ ಇದೆ. ಸಕ್ಕರೆ ಬಿಸಿ ನೀರಿನಲ್ಲಿ ಚೆನ್ನಾಗಿ ಕರಗುತ್ತದೆ. ಇದು ಉಲ್ಟಾ. ನೀರು ಬಿಸಿಯಾದಷ್ಟೂ ಕರಗಿದ್ದು ಹೊರಬಂದು ಕೂರುತ್ತದೆ. ಎಲ್ಲಿ ಕೂರುತ್ತದೆ? ಎಲ್ಲಿ ಬಿಸಿಯೋ ಅಲ್ಲಿ, ಅಂದರೆ ಕೂಲರ್‌ನ ಟ್ಯೂಬಿನೊಳಗೆ. ನೀರು ನಿಧಾನವಾಗಿ ಹರಿಯುವ ಕಡೆ ಇನ್ನೂ ಬೇಗ. ನಾಲ್ಕನೇ ಮೆಷಿನ್ ದೊಡ್ಡದು, ಬಿಸಿ ಜಾಸ್ತಿ; ಪೈಪ್‌ಲೈನಿನ ಕೊನೆಯಲ್ಲಿದೆ, ನೀರು ಕಮ್ಮಿ. ಅದಕ್ಕೇ ಮೊದಲ ಪೆಟ್ಟು ಅದಕ್ಕೆ ಬಿತ್ತು. ಉಳಿದ ಮೂರರದ್ದೂ ಬಿಚ್ಚಿದೆವು, ಅವೂ ಅದೇ ದಾರಿಯಲ್ಲಿದ್ದವು.

ಆದರೆ ಎರಡು ವರ್ಷ ಕಟ್ಟದ್ದು ಎರಡು ತಿಂಗಳಲ್ಲಿ ಹೇಗೆ ಕಟ್ಟಿತು?

ಆ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ಇದ್ದವರಿಗೆ ಹೇಳಬೇಕಿಲ್ಲ. 2023ರ ಮಳೆ ಕೈಕೊಟ್ಟಿತ್ತು. ಸಾವಿರಾರು ಬೋರ್‌ವೆಲ್ ಬತ್ತಿದವು. ಕಾರು ತೊಳೆಯಲು, ಗಿಡಕ್ಕೆ ಹಾಕಲು ಕುಡಿಯುವ ನೀರು ಬಳಸಿದರೆ ಜಲಮಂಡಳಿ 5,000 ರೂಪಾಯಿ ದಂಡ ಅಂದಿತು. ಏಪ್ರಿಲ್ ಪೂರ್ತಿ ಒಂದು ಹನಿ ಮಳೆ ಇಲ್ಲ. ನಮ್ಮ ಬೋರ್‌ವೆಲ್ ಫೆಬ್ರವರಿಯಲ್ಲೇ ಗಾಳಿ ಉಗುಳಲು ಶುರು ಮಾಡಿತ್ತು. ಅಲ್ಲಿಂದ ಟ್ಯಾಂಕರ್ ನೀರು. ಟ್ಯಾಂಕರ್‌ನವರು ಇವತ್ತು ಒಂದು ಬೋರ್‌ವೆಲ್‌ನದು ತರುತ್ತಾರೆ, ನಾಳೆ ಇನ್ನೊಂದರದು. ನಮ್ಮ ಹಳೇ ಬೋರ್‌ವೆಲ್ ನೀರಿನ ಟಿಡಿಎಸ್, ಅಂದರೆ ಒಂದು ಲೀಟರ್‌ನಲ್ಲಿ ಕರಗಿದ ಲವಣ, 500 ಮಿಲಿಗ್ರಾಂ ಇತ್ತು, ಟ್ಯಾಂಕರ್‌ನದು 900. ಅದರಲ್ಲಿ ಸುಣ್ಣ ಕಟ್ಟಿಸುವ ಲವಣದ ಅಳತೆ, ಅಂದರೆ ಗಡಸುತನ, 480. ಹನಿ ಹಾಕಿ ನೋಡುವ ಕಿಟ್ ಬರುತ್ತದೆ, ನೀರು ದ್ರಾಕ್ಷಿ ಬಣ್ಣದಿಂದ ನೀಲಿಗೆ ತಿರುಗಲು ಎಷ್ಟು ಹನಿ ಬೇಕು ಅಂತ ಎಣಿಸಿದರೆ ಸಾಕು.

ನೀರು ಗಡಸು ಅನ್ನುವುದು ಅರ್ಧ ಕಾರಣ. ಉಳಿದರ್ಧ ಟವರ್ ತೊಟ್ಟಿಯ ಪಕ್ಕದ ಒಂದು ಅರ್ಧ ಇಂಚಿನ ವಾಲ್ವ್.

ಟವರ್‌ನಿಂದ ಆವಿಯಾಗಿ ಹೋಗುವುದು ಬರೀ ನೀರು. ಅದರಲ್ಲಿದ್ದ ಉಪ್ಪು, ಸುಣ್ಣ ಎಲ್ಲ ತೊಟ್ಟಿಯಲ್ಲೇ ಉಳಿಯುತ್ತದೆ. ಸಾರು ಒಲೆ ಮೇಲೆ ಬತ್ತಿದ ಹಾಗೆ, ಕುದಿದಷ್ಟೂ ಉಪ್ಪುಪ್ಪು. ಅದಕ್ಕೇ ಸ್ವಲ್ಪ ನೀರನ್ನು ಬೇಕಂತಲೇ ಹೊರಗೆ ಬಿಡುತ್ತಾ ಇರಬೇಕು. ಅದನ್ನು ಬ್ಲೀಡ್ ಅನ್ನುತ್ತೇವೆ. ಆ ವಾಲ್ವ್ ಸದಾ ಸ್ವಲ್ಪ ತೆರೆದಿರಬೇಕು. ನಾನು ನೋಡಿದಾಗ ಪೂರ್ತಿ ಬಂದ್. ಬರೀ ಬಂದ್ ಅಲ್ಲ, ಹಿಡಿಗೆ ತಂತಿ ಸುತ್ತಿ ಕಟ್ಟಿತ್ತು.

ಕಟ್ಟಿದವನು ನಮ್ಮ ಹೆಲ್ಪರ್, ರಾಯಚೂರು ಕಡೆಯವನು. ಕೇಳಿದೆ. "ನೀರು ಸುಮ್ನ ಮೋರಿಗೆ ಹರದು ಹೊಂಟಿತ್ರೀ ಸರ. ಒಂದು ಟ್ಯಾಂಕರಿಗೆ ಎಷ್ಟ್ ರೊಕ್ಕ ಕೊಡ್ತೀವ್ರೀ? ಅದಕ್ಕ ಬಂದ್ ಮಾಡೀನಿ" ಅಂದ. ಅವನ ಬಾಡಿಗೆ ವಠಾರದಲ್ಲಿ ಆಗ ಒಂದು ಮನೆಗೆ ದಿನಕ್ಕೆ ನಾಲ್ಕು ಕೊಡ ನೀರು. ಇಲ್ಲಿ ಹಗಲು ರಾತ್ರಿ ಬೆರಳು ಗಾತ್ರದ ಧಾರೆ ಮೋರಿಗೆ ಹೋಗುತ್ತಿದ್ದರೆ ಯಾರಿಗಾದರೂ ಕೈ ತಡೆಯುತ್ತದಾ? ಆ ವಾಲ್ವ್ ಯಾಕಿದೆ ಅಂತ ಅವನಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದವನು ನಾನು.

ಅವನು ಉಳಿಸಿದ್ದೆಷ್ಟು ಅಂತ ಲೆಕ್ಕ ಹಾಕಿದೆ. ನಮ್ಮ ಟವರ್‌ನಲ್ಲಿ ಗಂಟೆಗೆ ಸುಮಾರು 100 ಲೀಟರ್ ಆವಿಯಾಗುತ್ತದೆ, ದಿನಕ್ಕೆ 2,400. ತೊಟ್ಟಿಯ ಉಪ್ಪು ಹೊಸ ನೀರಿನ ಮೂರು ಪಟ್ಟು ದಾಟಬಾರದು ಅಂದರೆ ಆವಿಯ ಅರ್ಧದಷ್ಟು ಹೊರಬಿಡಬೇಕು, ದಿನಕ್ಕೆ 1,200 ಲೀಟರ್. ಆಗ ಜಿಲ್ಲಾಡಳಿತ ಟ್ಯಾಂಕರ್‌ಗೆ ದರ ಕಟ್ಟಿತ್ತು. 5 ಕಿಲೋಮೀಟರ್ ಒಳಗೆ 12,000 ಲೀಟರ್‌ಗೆ 1,000 ರೂಪಾಯಿ. ಆ ದರದಲ್ಲಿ ದಿನಕ್ಕೆ 100 ರೂಪಾಯಿ ಉಳಿತಾಯ. ಎರಡು ಪಟ್ಟು ಕೊಟ್ಟರೂ 200. ಇತ್ತ ಒಂದೇ ಮೆಷಿನ್‌ನಲ್ಲಿ ದಿನಕ್ಕೆ 400 ಶಾಟ್ ಹೋಗಿತ್ತು, ಎರಡು ಬ್ಯಾರೆಲ್ ಎಣ್ಣೆ ಹೋಗಿತ್ತು. ಸೆನ್ಸರ್ ಮತ್ತು ಐಸ್ ನನ್ನ ಖಾತೆಗೆ.

ಕಾಣೆಯಾದ ಸುಣ್ಣವನ್ನೂ ಲೆಕ್ಕದಲ್ಲಿ ಹಿಡಿಯಬಹುದು. ತೊಟ್ಟಿಯ ನೀರಿನ ಟಿಡಿಎಸ್ 4,500, ಅಂದರೆ ಹೊಸ ನೀರಿನ ಐದು ಪಟ್ಟು. ಗಡಸುತನವೂ ಐದು ಪಟ್ಟು, 2,400 ಇರಬೇಕಿತ್ತು. ಇದ್ದದ್ದು 1,200. ಉಳಿದದ್ದು ಎಲ್ಲಿ? ಟ್ಯೂಬಿನಲ್ಲಿ, ಟವರ್‌ನೊಳಗೆ ನೀರು ಹರಡಿ ಇಳಿಯುವ ಪ್ಲಾಸ್ಟಿಕ್ ಫಿಲ್‌ನಲ್ಲಿ, ತೊಟ್ಟಿಯ ತಳದ ಕೆಸರಿನಲ್ಲಿ. ದಿನಕ್ಕೆ 2,400 ಲೀಟರ್ ಆವಿಗೆ ಬದಲಾಗಿ ಬರುವ ನೀರು ತನ್ನ ಜೊತೆ ಒಂದು ಕಿಲೋಗೂ ಜಾಸ್ತಿ ಗಡಸು ಲವಣ ತರುತ್ತದೆ. ಟಿಡಿಎಸ್ ಐದು ಪಟ್ಟು, ಗಡಸುತನ ಎರಡೂವರೆ ಪಟ್ಟು; ಈ ಎರಡನ್ನು ಹೋಲಿಸಿ ನೋಡಿದರೆ ಕೂಲರ್ ಬಿಚ್ಚದೆಯೇ ಒಳಗೆ ಕಟ್ಟುತ್ತಿದೆ ಅಂತ ಗೊತ್ತಾಗುತ್ತದೆ. ನನಗೆ ಈ ಇಡೀ ಪ್ರಕರಣದಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬಂದ ಪಾಠ ಇದು.

ತೊಳೆದಿದ್ದು, ಮತ್ತೆ ಕೆಡಿಸಿದ್ದು

ಭಾನುವಾರ ಮೆಷಿನ್‌ಗಳನ್ನು ನಿಲ್ಲಿಸಿ ಒಂದೊಂದೇ ಕೂಲರ್ ತೊಳೆದೆವು. ಪ್ಲಾಸ್ಟಿಕ್ ಡ್ರಮ್ಮಿನಲ್ಲಿ 100 ಲೀಟರ್ ನೀರು, ಅದಕ್ಕೆ 5 ಕಿಲೋ ಸಲ್ಫಾಮಿಕ್ ಆಸಿಡ್ ಪುಡಿ, ತಾಮ್ರ ತಿನ್ನದ ಹಾಗೆ ತಡೆಯುವ ಇನ್ಹಿಬಿಟರ್. ಆಸಿಡ್ ನೀರಿಗೆ ಹಾಕಬೇಕು, ನೀರನ್ನು ಆಸಿಡ್‌ಗೆ ಹಾಕಬಾರದು. ಗ್ಲೌಸ್, ಕನ್ನಡಕ, ತೆರೆದ ಗಾಳಿ. ಸಣ್ಣ ಕೆಮಿಕಲ್ ಪಂಪಿನಿಂದ ನೀರು ಎಂದಿನ ದಿಕ್ಕಿಗೆ ಉಲ್ಟಾ ಸುತ್ತಿಸಿದೆವು. ಸುಣ್ಣ ಕರಗುವಾಗ ಸೋಡಾ ಬಾಟಲಿ ತೆರೆದ ಹಾಗೆ ನೊರೆ ಬರುತ್ತದೆ. ನೊರೆ ನಿಂತು, ಪಿಎಚ್ ಪೇಪರ್ ಬಣ್ಣವೂ ಬದಲಾಗದೆ ನಿಂತರೆ ಆಯಿತು. ನಮಗೆ ಒಂದೊಂದಕ್ಕೆ ಮೂರು ಗಂಟೆ ಹಿಡಿಯಿತು. ದ್ರಾವಣ ನೀಲಿ ತಿರುಗಲು ಶುರುವಾದರೆ ತಾಮ್ರ ಕರಗುತ್ತಿದೆ ಅಂತ, ತಕ್ಷಣ ನಿಲ್ಲಿಸಬೇಕು. ಮುಗಿದ ಮೇಲೆ ವಾಷಿಂಗ್ ಸೋಡಾ ಹಾಕಿ ಹುಳಿ ಸಾಯಿಸಿ, ಆಮೇಲೆ ಹೊರಗೆ.

ನಾಲ್ಕನೆಯದು ಮಾತ್ರ ಮೊಂಡು. ಕೆಲವು ಟ್ಯೂಬ್ ಪೂರ್ತಿ ಕಟ್ಟಿದ್ದರಿಂದ ಆಸಿಡ್ ಒಳಗೇ ಹೋಗಲಿಲ್ಲ. ನಾನು ಊಟಕ್ಕೆ ಹೋದಾಗ ಫಿಟ್ಟರ್ ಒಂದು ವೆಲ್ಡಿಂಗ್ ರಾಡ್ ತೂರಿಸಿ ಚುಚ್ಚಿ ಬಿಡಿಸಿದ. ನೈಲಾನ್ ಬ್ರಷ್ ಬಳಸಬೇಕಿತ್ತು. ಸಂಜೆ ಮೆಷಿನ್ ಹಾಕಿದೆವು. ಎಣ್ಣೆ 46ಕ್ಕೆ ನಿಂತಿತು. ಎಲ್ಲರಿಗೂ ಟೀ.

ಬುಧವಾರ ಬೆಳಿಗ್ಗೆ ಆಯಿಲ್ ಗೇಜ್‌ನಲ್ಲಿ ಎಣ್ಣೆ ಮಜ್ಜಿಗೆ ಬಣ್ಣಕ್ಕೆ ತಿರುಗಿತ್ತು.

ಒಂದು ಟ್ಯೂಬಿನಲ್ಲಿ ಸೂಜಿ ಮೊನೆಯ ತೂತು. ರಾಡ್ ಕೊರೆದಿರಬಹುದು. ತೂತು ಮೊದಲೇ ಇದ್ದು ಸುಣ್ಣವೇ ಅದಕ್ಕೆ ಬಿರಡೆಯಾಗಿ ಕೂತಿದ್ದೂ ಇರಬಹುದು. ಮೆಷಿನ್ ಓಡುವಾಗ ಎಣ್ಣೆಯ ಒತ್ತಡ ಜಾಸ್ತಿ, ನೀರು ಒಳಗೆ ಬರುವುದಿಲ್ಲ. ಮಂಗಳವಾರ ರಾತ್ರಿ ಮೋಲ್ಡ್ ಬದಲಿಸಲು ಮೆಷಿನ್ ನಿಲ್ಲಿಸಿದ್ದೆವು, ಟವರ್ ಪಂಪ್ ಮಾತ್ರ ಓಡುತ್ತಿತ್ತು. ಆ ಹೊತ್ತಿನಲ್ಲಿ ನೀರು ಎಣ್ಣೆಗೆ ನುಗ್ಗಿದೆ. ತೊಳೆದ ಮೇಲೆ ಎಣ್ಣೆಯ ಕಡೆಗೆ ಗಾಳಿಯ ಒತ್ತಡ ಕೊಟ್ಟು, ಟ್ಯೂಬಿನ ಬಾಯಿಗೆ ಸೋಪಿನ ನೀರು ಹಚ್ಚಿ ನೋಡಿದ್ದರೆ ಹತ್ತು ನಿಮಿಷದಲ್ಲಿ ಸಿಗುತ್ತಿತ್ತು. ಟೀ ಕುಡಿಯುವ ಆತುರದಲ್ಲಿ ಬಿಟ್ಟೆವು. ಹದಿನೈದೇ ದಿನಗಳಲ್ಲಿ ಎರಡನೇ ಸಲ 400 ಲೀಟರ್ ಎಣ್ಣೆ. ಆ ಟ್ಯೂಬಿನ ಎರಡೂ ತುದಿಗೆ ಹಿತ್ತಾಳೆಯ ಮೊಳೆ ಬಡಿದು ಮುಚ್ಚಿದ್ದೇವೆ. ಒಂದೆರಡು ಟ್ಯೂಬ್ ಹೋದರೆ ಕೂಲರ್‌ಗೆ ಅಂಥ ವ್ಯತ್ಯಾಸ ಆಗದು. ಓನರ್‌ಗೆ ಈ ವಿಷಯ ಹೇಳಿದ ಐದು ನಿಮಿಷವನ್ನು ಇಲ್ಲಿ ಬರೆಯುವುದಿಲ್ಲ.

ಈಗ ಏನು ಮಾಡುತ್ತಿದ್ದೇವೆ

ಟಿಕ್ ಹಾಕುವ ಪುಸ್ತಕ ತೆಗೆದುಹಾಕಿದೆ. ಟವರ್ ಪಕ್ಕದ ಗೋಡೆಗೆ ಒಂದು ಬೋರ್ಡ್. ದಿನಾ ಮಧ್ಯಾಹ್ನ ಮೂರಕ್ಕೆ, ಬಿಸಿಲು ಜೋರಿರುವ ಹೊತ್ತಿಗೇ, ನಾಲ್ಕು ಮೆಷಿನ್‌ನ ಎಣ್ಣೆ, ಟವರ್ ನೀರು, ಎರಡರ ಅಂತರ. ಅಂತರ 23 ದಾಟಿದರೆ ಆ ಭಾನುವಾರ ಕೂಲರ್ ಬಿಚ್ಚುವುದು. ಎಣ್ಣೆಯೊಂದನ್ನೇ ನೋಡಿದರೆ ಚಳಿಗಾಲದಲ್ಲಿ ಮೋಸ ಹೋಗುತ್ತೇವೆ, ನೀರೇ ತಣ್ಣಗಿರುವುದರಿಂದ ಕಾಯಿಲೆ ಮುಚ್ಚಿಹೋಗುತ್ತದೆ. ಸೋಮವಾರ ಟಿಡಿಎಸ್, ಗಡಸುತನ. ಶನಿವಾರ ಸ್ಟ್ರೇನರ್, ಅಂದರೆ ನೀರಿನ ಕಸ ತಡೆಯುವ ಜಾಲರಿ. ಬೆಲ್ಟ್, ಸ್ಪ್ರಿಂಕ್ಲರ್, ತೊಟ್ಟಿಯ ಕೆಸರು ತಿಂಗಳಿಗೊಮ್ಮೆ.

ಹೊಸ ನೀರಿಗೆ ಸಣ್ಣ ಸಾಫ್ಟ್‌ನರ್ ಹಾಕಿಸಿದ್ದೇವೆ. ಸುಣ್ಣ ಹಿಡಿಯುವ ಕಾಳು, ಅಂದರೆ ರೆಸಿನ್, 50 ಲೀಟರ್. ನಮ್ಮ ನೀರಿಗೆ ಒಂದೂವರೆ ದಿನಕ್ಕೊಮ್ಮೆ ಉಪ್ಪುನೀರು ಹಾಯಿಸಬೇಕು. ತಪ್ಪಿದರೆ ಅದು ಸುಮ್ನೆ ನಿಂತ ಡಬ್ಬ. ಸಾಫ್ಟ್‌ನರ್ ಹಾಕಿದರೆ ಟಿಡಿಎಸ್ ಇಳಿಯುತ್ತದೆ ಅಂತ ಮಾರುವವರು ಹೇಳುತ್ತಾರೆ, ನಂಬಬೇಡಿ. ಅದು ಸುಣ್ಣ ತೆಗೆದುಕೊಂಡು ಸೋಡಿಯಂ ಕೊಡುತ್ತದೆ ಅಷ್ಟೇ. ಹಾಗಾಗಿ ಬ್ಲೀಡ್ ಈಗಲೂ ಬೇಕು.

ಬ್ಲೀಡ್‌ನ ದಾರಿ ಹುಡುಕಿದ್ದು ಆ ಹೆಲ್ಪರ್. ವಾಲ್ವಿಗೆ ಹೋಸ್ ಸಿಕ್ಕಿಸಿ ಟಾಯ್ಲೆಟ್ ಮೇಲಿನ ಟ್ಯಾಂಕಿಗೆ ಬಿಟ್ಟ. ದಿನದ 1,200 ಲೀಟರ್ ಫ್ಲಶ್ಶಿಗೆ, ನೆಲ ತೊಳೆಯಲು ಹೋಗುತ್ತದೆ. ಮೊದಲು ಅದಕ್ಕೂ ಟ್ಯಾಂಕರ್ ನೀರೇ ಹೋಗುತ್ತಿತ್ತು. ಬೋರ್ಡ್ ಬರೆಯುವವನೂ ಈಗ ಅವನೇ. ಅಂತರ 20 ದಾಟಿದ ದಿನ ಅಂಕಿಯ ಸುತ್ತ ಕೆಂಪು ಬಳಪದಲ್ಲಿ ಸುತ್ತು ಹಾಕುತ್ತಾನೆ, ನಾನು ಹೇಳಿಕೊಟ್ಟದ್ದಲ್ಲ.

ಅದೇ ವರ್ಷದ ಜೂನ್ 2ರಂದು ಬೆಂಗಳೂರಿನಲ್ಲಿ ಒಂದೇ ದಿನ 111 ಮಿಲಿಮೀಟರ್ ಮಳೆ ಸುರಿಯಿತು. ನಮ್ಮ ಶೆಡ್ಡಿನ ಚಾವಣಿ 60 ಅಡಿಗೆ 80 ಅಡಿ. ಗುಣಿಸಿದರೆ 49,000 ಲೀಟರ್, ನಾಲ್ಕು ಟ್ಯಾಂಕರ್, ಅದೂ ಗಡಸುತನವೇ ಇಲ್ಲದ ನೀರು. ಅಷ್ಟೂ ಮೋರಿಗೆ ಹೋಯಿತು. ಚಾವಣಿಗೆ ಮಳೆನೀರಿನ ದೋಣಿ ಹಾಕಿಸಿ ಸಂಪ್ ಟ್ಯಾಂಕಿಗೆ ಇಳಿಸುವ ಕೊಟೇಶನ್ ಓನರ್ ಟೇಬಲ್ ಮೇಲಿದೆ.